ವಾಲಗುಂಡು ನಡೆದ ವರ್ಷ

ಬುಕ್ಕಸಾಗರದ ಜಂಬಯ್ಯ ಫೋಟೋ ವಿದ್ಯೆ ಕಲಿತದ್ದು ಕ್ಯಾಮೆರಾದ ಹಿಂದೆ ನಿಂತಲ್ಲ, ಮುಂದೆ ನಿಂತು. ಹಂಪಿಯ ಹಾಳುಗುಡಿಗಳ ಪಟ ತೆಗೆಯಲು ಬಂದಿದ್ದ ಒಬ್ಬ ಬಿಳಿ ದೊರೆಗೆ, ಕಂಬ ಎಷ್ಟೆತ್ತರ, ಬಾಗಿಲು ಎಷ್ಟಗಲ ಎಂಬುದು ನೋಡಿದವರಿಗೆ ತಿಳಿಯಲೆಂದು ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವ ಪದ್ಧತಿ ಇತ್ತು. ಆ ಮನುಷ್ಯ ಜಂಬಯ್ಯ. ಏಳು ವರ್ಷ ಅವನು ಅಳತೆಗೋಲಾಗಿ ದುಡಿದ. ಅವನು ಪಕ್ಕ ನಿಲ್ಲದ ಕಂಬ ಹಂಪಿಯಲ್ಲಿ ಉಳಿದಿರಲಿಲ್ಲ. ಆ ಏಳು ವರ್ಷಗಳಲ್ಲಿ ಯಾವತ್ತಾದರೂ ಜಂಬಯ್ಯ ಬೆಳಗ್ಗೆ ಎದ್ದು ಒಂದಂಗುಲ ಗಿಡ್ಡನಾಗಿದ್ದರೆ ಇಡೀ ವಿಜಯನಗರ ಸಾಮ್ರಾಜ್ಯ ಒಂದಂಗುಲ ಎತ್ತರವಾಗಿಬಿಡುತ್ತಿತ್ತು. ಅಲುಗಾಡದೆ ನಿಲ್ಲುವುದರಲ್ಲಿ ಅವನು ಎಂಥ ಗಟ್ಟಿಗನೆಂದರೆ, ಒಮ್ಮೆ ಗುಬ್ಬಿಗಳು ಅವನ ರುಮಾಲಿನಲ್ಲಿ ಗೂಡು ಕಟ್ಟಿ ಮರಿ ಮಾಡಿಕೊಂಡು ಹಾರಿಹೋದವು ಎಂದು ಊರಲ್ಲಿ ಹೇಳುತ್ತಿದ್ದರು. ಜಂಬಯ್ಯ ಮಾತ್ರ, "ಸುಳ್ಳು ಹೇಳಬ್ಯಾಡ್ರಿ, ಬರೇ ತತ್ತಿ ಇಟ್ಟಿದ್ವು" ಎಂದು ತಿದ್ದುತ್ತಿದ್ದ.

ದೊರೆ ಸೀಮೆಗೆ ಹೊರಟಾಗ ತನ್ನ ಹಳೆಯ ಕ್ಯಾಮೆರಾವನ್ನು ಅವನ ಕೈಗಿಟ್ಟು ಹೋದ. ತೇಗದ ಪೆಟ್ಟಿಗೆ, ಹಿತ್ತಾಳೆಯ ಕಣ್ಣು, ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುವ ಚರ್ಮದ ಹೊಟ್ಟೆ, ಕೆಳಗೆ ಮೂರು ಕಾಲು. ಹೊಟ್ಟೆ ನಾಲ್ಕು ಕಡೆ ತೂತಾಗಿತ್ತು. ಜಂಬಯ್ಯ ಮೇಕೆ ಚರ್ಮದ ತೇಪೆ ಹಾಕಿದ. ಅಂದಿನಿಂದ ಕಂಪ್ಲಿಯಿಂದ ಹೊಸಪೇಟೆಯವರೆಗೆ ಮದುವೆ ಮನೆಗಳಲ್ಲಿ ಪಟ ತೆಗೆಯತೊಡಗಿದ. ಪಟ ಹಿಡಿದ ಗಾಜು ತೊಳೆಯಲು ಕತ್ತಲೆ ಕೋಣೆ ಬೇಕಲ್ಲ? ಅವನ ಮನೆಯ ಮುಂದೆ ಅಜ್ಜನ ಕಾಲದ ಹಗೇವು ಒಂದಿತ್ತು, ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಒಳಗೆ ನಾಲ್ಕಾಳು ಕೂರುವಷ್ಟು ಜಾಗ, ನಡುಮಧ್ಯಾಹ್ನವೂ ಕಾಡಿಗೆಯಂಥ ಕತ್ತಲೆ. ಕೆಂಪು ಬಟ್ಟೆ ಸುತ್ತಿದ ಕಂದೀಲು ಹಿಡಿದು ಅದರೊಳಗೆ ಇಳಿದು ಜಂಬಯ್ಯ ಗಾಜಿನ ಮೇಲೆ ಮದುಮಕ್ಕಳನ್ನು ಮೂಡಿಸುತ್ತಿದ್ದ. ಆ ಪಟಗಳಿಗೆ ಒಂದಿಷ್ಟು ಜೋಳದ ವಾಸನೆ ಬರುತ್ತಿತ್ತು ಎನ್ನುತ್ತಾರೆ.

ಅವನಿದ್ದ ಕೇರಿಯ ಹೆಸರು ವಾಲಗುಂಡು ಕೇರಿ. ಊರ ತೆಂಕಣಕ್ಕೆ ಆನೆ ಮಲಗಿದಂಥ ಒಂದು ಹಾಸುಬಂಡೆ. ಅದರ ಮೇಲೆ, ಇನ್ನೇನು ಕೆಳಗಿಳಿದು ಕಾಲುವೆಗೆ ನೀರು ಕುಡಿಯಲು ಹೊರಟಂತೆ ವಾಲಿಕೊಂಡು ನಿಂತ ಒಂದು ಗುಂಡುಕಲ್ಲು. ಅದೇ ವಾಲಗುಂಡು. ಕೆಳಗಿನ ಹಾಸುಬಂಡೆಗೆ ಒರಗಿಕೊಂಡು ಹನ್ನೊಂದು ಮನೆಗಳಿದ್ದವು. ಬಂಡೆ ಇದ್ದ ಮೇಲೆ ಹಿಂದಿನ ಗೋಡೆ ಯಾಕೆ ಎಂದು ಯಾವ ಪುಣ್ಯಾತ್ಮನೋ ಶುರು ಮಾಡಿದ್ದ. ಹಾಗಾಗಿ ಆ ಕೇರಿಯಲ್ಲಿ ಎಲ್ಲರ ಮನೆಗೂ ಮೂರೇ ಗೋಡೆ, ನಾಲ್ಕನೆಯದು ಬಂಡೆ. ದೀಪದ ಗೂಡು ಬಂಡೆಯಲ್ಲಿ, ಸೊಸೆ ಅಡಗಿಸಿಟ್ಟ ಬೆಲ್ಲದ ಗೂಡೂ ಬಂಡೆಯಲ್ಲಿ. ಆ ಕೇರಿಯ ಮಕ್ಕಳು ಬೇರೆ ಊರಿಗೆ ಹೋಗಿ ನಾಲ್ಕು ಗೋಡೆಯ ಮನೆ ನೋಡಿದರೆ ಇವರು ಯಾರಿಗೆ ಹೆದರಿ ಹೀಗೆ ಕಟ್ಟಿಕೊಂಡಿದ್ದಾರೆ ಎಂದು ಕೇಳುತ್ತಿದ್ದವು.

ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಊರ ಸಾವಕಾರ ಅಂದಾನಪ್ಪನವರು ಗುಂಡಿನ ಪಡುವಣ ದಿಕ್ಕಿಗೆ, ಸರಿಯಾಗಿ ಅದು ವಾಲಿದ ಕಡೆಗೆ, ಅಕ್ಕಿ ಗಿರಣಿ ಹಾಕಿದರು. ಎಣ್ಣೆ ಇಂಜಿನ್ನು ಡಬಡಬ ಎನ್ನತೊಡಗಿದ ಮೂರನೇ ದಿನ ಸಾವಕಾರರು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ತಲೆ ಎತ್ತಿ ನೋಡಿದರು. ಹುಟ್ಟಿದಾಗಿನಿಂದ ಆ ಗುಂಡನ್ನು ಕಂಡವರೇ. ಆದರೆ ಕೆಳಗೆ ತಮ್ಮದೊಂದು ಇಂಜಿನ್ನು ಇಟ್ಟು ನೋಡಿದಾಗ ಗುಂಡು ಬೇರೆಯೇ ಕಂಡಿತು. ಅಂದಿನಿಂದ ಅವರಿಗೆ ಅನ್ನ ಇಳಿಯಲಿಲ್ಲ. ಮುಂಗಾರಿನ ಮೊದಲ ಗುಡುಗಿಗೆ ಒಂದು ಹಿಡಿ ಕಲ್ಲುಪುಡಿ ಉದುರಿದ್ದೇ ಸಾಕಾಯಿತು. ಗುಂಡು ಜರಿಯುತ್ತಿದೆ, ಮದ್ದಿಟ್ಟು ಹಾರಿಸಬೇಕು ಎಂದು ಅರ್ಜಿ ಬರೆಸಿದರು.

ಅರ್ಜಿ ಹಿಡಿದು ಒಬ್ಬ ಇಂಜಿನಿಯರ್ ಬಂದರು. ಮದ್ರಾಸಿನ ಕಡೆಯವರು. ಪುಸ್ತಕ ಓದಿ ಕನ್ನಡ ಕಲಿತಿದ್ದರಿಂದ ಅವರ ಮಾತು ಯಾವಾಗಲೂ ಇಸ್ತ್ರಿ ಮಾಡಿಕೊಂಡೇ ಹೊರಗೆ ಬರುತ್ತಿತ್ತು.

"ಈ ಬಂಡೆಯು ಚಲಿಸುತ್ತಿರುವುದು ನಿಜವೆ?" ಎಂದು ಕೇರಿಯವರನ್ನು ಕೇಳಿದರು.

ಕೇರಿಗೆಲ್ಲ ಹಿರಿಯಳಾದ ಭೀಮಮ್ಮ ಮುಂದೆ ಬಂದಳು. "ಎಲ್ಲಿಗೆ ಹೋಗ್ತೈತ್ರಿ ಯಪ್ಪಾ ಅದು? ಅದಕ್ಕೇನ್ ತವರುಮನಿ ಐತೇನು?"

"ನೋಡ್ರಿ ಸಾಹೇಬ್ರ, ಇವ್ರಿಗೆ ಚಾಷ್ಟಿ," ಎಂದರು ಅಂದಾನಪ್ಪ. "ಬಿದ್ದ ಮ್ಯಾಲ ನಗತಾರೇನು? ನಾ ಬರೇ ನನ್ನ ಗಿರಣಿ ಸಲುವಾಗಿ ಹೇಳಾಕತ್ತಿಲ್ಲ. ಹನ್ನೊಂದು ಮನಿ ಅದಾವು ಕೆಳಗ."

"ಗುಂಡು ಹಾರಿಸಿದ್ರ ಆ ಹನ್ನೊಂದು ಮನಿ ಎಲ್ಲಿರ್ತಾವ್ರಿ ಸಾವ್ಕಾರ್ರ?" ಎಂದ ಜಂಬಯ್ಯ. "ಮದ್ದು ಇಟ್ರ ಹಾಸುಬಂಡಿನೂ ಸೀಳತೈತಿ. ನಮ್ಮ ಗ್ವಾಡಿ ಅದಾ."

ಇಂಜಿನಿಯರರಿಗೆ ಎರಡೂ ಮಾತು ಸರಿಯೆನಿಸಿದವು. ಎರಡೂ ಸರಿಯಾದರೆ ಸರಕಾರಿ ಮನುಷ್ಯನಿಗೆ ಬಹಳ ಕಷ್ಟ. ಅವರು ಟೋಪಿ ತೆಗೆದು ಹಾಕಿಕೊಂಡು, ತೆಗೆದು ಹಾಕಿಕೊಂಡು ನಿಂತರು. ಆಗ ಜಂಬಯ್ಯ ಹೇಳಿದ:

"ನನಗ ಒಂದ್ ವರ್ಷ ಕೊಡ್ರಿ ಸಾಹೇಬ್ರ. ಮಳಿಗಾಲ, ಚಳಿಗಾಲ, ಬ್ಯಾಸಿಗಿ, ಎಲ್ಲಾ ಕಾಲದಾಗೂ ಒಂದಾ ಜಾಗದಾಗ ನಿಂತು ಇದರ ಪಟ ತಗೀತೀನಿ. ಗುಂಡು ಒಂದ್ ನೂಲಿನಷ್ಟು ಕದಲಿದ್ರೂ ಗಾಜಿನಾಗ ಬರ್ತೈತಿ. ಬಂದ್ರ ನಾನಾ ಮೊದ್ಲು ಮನಿ ಖಾಲಿ ಮಾಡ್ತೀನಿ."

"ಗಾಜು ಸುಳ್ಳು ಹೇಳುವುದಿಲ್ಲವೆ?"

"ಗಾಜಿಗೆ ಬಾಯಿಲ್ರಿ. ಬರೇ ಕಣ್ಣು."

ಇಂಜಿನಿಯರರು ಟೋಪಿ ಹಾಕಿಕೊಂಡು ಈ ಸಲ ತೆಗೆಯಲಿಲ್ಲ. "ಮುಂದಿನ ವೈಶಾಖದ ಕೊನೆಗೆ ಬರುತ್ತೇನೆ. ಮದ್ದಿನ ಆಳುಗಳನ್ನೂ ಜೊತೆಗೆ ಕರೆತರುತ್ತೇನೆ. ಪಟಗಳು ಏನು ಹೇಳುತ್ತವೆಯೋ ಅದೇ ತೀರ್ಮಾನ."

ಮರುದಿನವೇ ಜಂಬಯ್ಯ ಕೆಲಸ ಶುರು ಮಾಡಿದ. ಕೇರಿಯ ಬಡಗಣಕ್ಕೆ ಕಾಲುವೆ ದಂಡೆಯ ಬಯಲಿನಲ್ಲಿ, ದನ ಹೋಗುವ ದಾರಿಯ ಮಗ್ಗುಲಿಗೆ, ಇಡೀ ಗುಂಡು ಕಾಣುವ ಒಂದು ಜಾಗ ಹುಡುಕಿದ. ಕ್ಯಾಮೆರಾದ ಮೂರು ಕಾಲು ಪ್ರತಿ ಸಲವೂ ಅಲ್ಲೇ ಊರಬೇಕಲ್ಲ? ಮೂರು ಚಪ್ಪಟೆ ಕಲ್ಲು ತಂದು, ಒಂದೊಂದಕ್ಕೂ ನಡುವೆ ತೂತು ಕೊರೆಸಿ, ಮೊಳದುದ್ದ ನೆಲ ಅಗೆದು ಹೂಳಿದ. ತೂತಿನಲ್ಲಿ ಕಾಲಿಟ್ಟರೆ ಕ್ಯಾಮೆರಾ ಕೂದಲೆಳೆಯಷ್ಟೂ ಅತ್ತಿತ್ತ ಆಗುವಂತಿರಲಿಲ್ಲ.

ಹೊಸಪೇಟೆಯಿಂದ ತಂದದ್ದು ಆರೇ ಗಾಜು. ಒಂದನ್ನೂ ಸುಮ್ಮನೆ ಕಳೆಯುವಂತಿರಲಿಲ್ಲ. ಅದಕ್ಕೆ ಜಂಬಯ್ಯ ಒಂದು ತಿಂಗಳು ಕ್ಯಾಮೆರಾ ಮುಟ್ಟದೆ ಕೇವಲ ನೋಡಿದ. ಮೂವತ್ತೆರಡು ವರ್ಷ ಅದರ ಬುಡದಲ್ಲೇ ಮಲಗಿ ಎದ್ದವನಿಗೆ, ತಾನು ಗುಂಡನ್ನು ಒಮ್ಮೆಯೂ ನೋಡಿರಲಿಲ್ಲ ಎಂದು ಆಗ ತಿಳಿಯಿತು. ಬೆಳಗಿನ ಬಿಸಿಲಿಗೆ ಅದು ಆಗ ತಾನೆ ಅಚ್ಚಿನಿಂದ ಬಿದ್ದ ಬೆಲ್ಲದುಂಡೆ. ನಡುಮಧ್ಯಾಹ್ನ ಮುಖವೆಲ್ಲ ಅಳಿಸಿಹೋಗಿ ಬರೀ ಬೂದಿ. ಇಳಿಹೊತ್ತಿನಲ್ಲಿ ತಾಮ್ರದ ಹಂಡೆ. ಮಳೆ ಬಂದು ನಿಂತರೆ ಹೊಳೆಯಿಂದ ಎದ್ದ ಎಮ್ಮೆ. ಬಿಸಿಲು ಏರಿ ಒಂದು ತಾಸಿಗೆ, ಗುಂಡಿನ ಅಂಚು ಚಾಕುವಿನಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಆ ಹೊತ್ತೇ ಸರಿ ಎಂದು ನಿಶ್ಚಯಿಸಿದ.

ಮೊದಲ ಗಾಜು ಆಷಾಢದಲ್ಲಿ. ಗದ್ದೆಯಲ್ಲಿ ನಾಟಿ, ನೀರಿನಲ್ಲಿ ಗುಂಡಿನ ನೆರಳು. ಮೋಡ ಸರಿಯಲೆಂದು ಜಂಬಯ್ಯ ತಲೆಗೆ ಕರಿಬಟ್ಟೆ ಮುಚ್ಚಿಕೊಂಡು ಒಂಬತ್ತು ದಿನ ಕಾದ. ಎರಡನೆಯದು ದೀಪಾವಳಿಗೆ. ಬತ್ತ ಹಾಲುಗಟ್ಟಿತ್ತು, ಗುಂಡಿನ ಸಂದಿಯಲ್ಲಿ ಹುಲ್ಲು ಮೊಳೆತಿತ್ತು. ಮೂರನೆಯದು ಮಾಘದಲ್ಲಿ. ಆ ವರ್ಷ ಕಾಲುವೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೆರೆಮನೆಯ ಜಡೆಪ್ಪನ ಎಮ್ಮೆ ಅದಕ್ಕೆ ಒರಗಿಕೊಂಡೇ ಮೆಲುಕು ಹಾಕುತ್ತಿತ್ತು, ಮಂಜು ಕರಗಿದಾಗ ದೊಪ್ಪನೆ ಬಿತ್ತು. ಮೂರು ಗಾಜಿನಲ್ಲೂ ಗುಂಡು ಇದ್ದಲ್ಲೇ ಇತ್ತು.

ಹಾದುಹೋಗುವವರು ನಿಂತು ನೋಡುತ್ತಿದ್ದರು. "ಲೇ ಜಂಬ, ಅದಾ ಗುಂಡು ಎಷ್ಟು ಸಲ ತಗೀತಿ? ಅದರ ಮದಿವಿ ಐತೇನು?" ಎಂದು ಜಡೆಪ್ಪ ಕೆಣಕುತ್ತಿದ್ದ.

"ಹೌದು, ನಿಮ್ಮ ಎಮ್ಮಿ ಜೋಡಿ. ನೀ ಬೀಗ ಆಗ್ತಿ, ಸರಿ ಆಕಡಿ, ಬೆಳಕಿಗೆ ಅಡ್ಡ ನಿಂತಿ," ಎನ್ನುತ್ತಿದ್ದ ಕರಿಬಟ್ಟೆಯೊಳಗಿನಿಂದ ಜಂಬಯ್ಯ.

ಮಾಘ ಕಳೆದ ಮೇಲೆ ಜಂಬಯ್ಯ ಎರಡು ತಿಂಗಳು ಸಂಡೂರಿನ ಕಡೆ ಮದುವೆ ಪಟಕ್ಕೆ ಹೋದ. ತಿರುಗಿ ಬರುವಾಗ ವೈಶಾಖದ ಬಿಸಿಲು. ಬಳ್ಳಾರಿ ಸೀಮೆಯ ಬಿಸಿಲೆಂದರೆ ಕೇಳಬೇಕೆ, ಕೋಳಿಗಳು ಬೆಂದ ತತ್ತಿಯನ್ನೇ ಇಡುತ್ತಿದ್ದ ಕಾಲ. ಬಯಲಿಗೆ ಹೋಗಿ ನೋಡಿದರೆ ಅವನ ಮೂರು ಕಲ್ಲಿನ ಸುತ್ತ ಯಾರೋ ಅಚ್ಚುಕಟ್ಟಾಗಿ ಸಗಣಿ ಸಾರಿಸಿದ್ದರು, ಕಲ್ಲಿಗೆ ಅರಿಸಿನ ಕುಂಕುಮ ಬಳಿದಿದ್ದರು. ಹೆಂಗಸರ ಕೆಲಸ, ಇರಲಿ ಎಂದುಕೊಂಡ. ಕಲ್ಲು ಅವೇ, ತೂತು ಅವೇ, ಕಾಲು ಹೊಕ್ಕವು. ನಾಲ್ಕನೆಯ ಗಾಜು ತೆಗೆದು ಹಗೇವಿಗೆ ಇಳಿದು ತೊಳೆದರೆ, ನೀರು ಕಾದಿದ್ದಕ್ಕೆ ಗಾಜಿನ ಮೇಲಿನ ಪೊರೆ ಗಂಜಿಯಂತೆ ಕರಗಿ ಇಳಿಯಿತು. ಕಣ್ಣೆದುರೇ ಗುಂಡು, ಕೇರಿ, ಹನ್ನೊಂದು ಮನೆ ತಟ್ಟೆಗೆ ಜಾರಿಹೋದವು. ಜಂಬಯ್ಯ ಹೊರಗೆ ಬಂದ. ಹೊಸ ಮಡಕೆಯಲ್ಲಿ ನೀರು ತುಂಬಿ, ಒದ್ದೆ ಮರಳಿನಲ್ಲಿ ಹೂತು ಎರಡು ದಿನ ತಣಿಸಿದ. ಮೂರನೇ ದಿನ ಐದನೆಯ ಗಾಜು ತೆಗೆದ.

ಇದು ಚೆನ್ನಾಗಿ ಬಂತು. ಅದೇ ಕೆಟ್ಟದಾಯಿತು.

ಬಿಸಿಲಿಗಿಟ್ಟು ಕಾಗದದ ಮೇಲೆ ಇಳಿಸಿದ ನಾಲ್ಕೂ ಪಟಗಳನ್ನು ಅವನು ಜಗಲಿಯ ಮೇಲೆ ಸಾಲಾಗಿ ಇಟ್ಟ. ಗುಂಡಿನ ಹಿಂದೆ ದೂರದ ಗುಡ್ಡದ ನೆತ್ತಿಯಲ್ಲಿ ಒಂದು ಹಳೆಯ ಮಂಟಪ ಇದೆ. ಮೊದಲ ಮೂರು ಪಟಗಳಲ್ಲಿ ಅದು ಗುಂಡಿನ ಮೂಡಣ ಅಂಚಿಗೆ ಮರೆಯಾಗಿ ಒಂದೇ ಒಂದು ಕಂಬ ಕಾಣುತ್ತಿತ್ತು. ಈ ಪಟದಲ್ಲಿ ಮಂಟಪ ಪೂರ್ತಿ ಹೊರಗೆ ಬಂದು ನಿಂತಿತ್ತು. ನಡುವೆ ಒಂದು ಜೋಳದ ಕಾಳಿನಷ್ಟು ಬಾನು. ಅಂದರೆ ಗುಂಡು ಪಡುವಣಕ್ಕೆ, ಗಿರಣಿಯ ಕಡೆಗೆ, ಒಂದು ಜೋಳದ ಕಾಳು ನಡೆದಿತ್ತು. ಪಟದಲ್ಲಿ ಜೋಳದ ಕಾಳೆಂದರೆ ನೆಲದ ಮೇಲೆ ಒಂದು ಎತ್ತಿನ ಉದ್ದ.

ಅವನ ಹೆಂಡತಿ ದುರುಗವ್ವ ಬಂದು ಹೆಗಲ ಮೇಲಿಂದ ನೋಡಿದಳು. ಮದುವೆಯಾಗಿ ಹತ್ತು ವರ್ಷ ಪಟ ತೊಳೆದ ನೀರು ಚೆಲ್ಲಿದವಳು, ಹೇಳುವುದು ಬೇಕಿರಲಿಲ್ಲ.

"ಈ ಗಾಜು ಒಡದು ಕಾಲಿವಿಗೆ ಹಾಕ್ರಿ," ಎಂದಳು. "ಮೊದಲಿನ ಮೂರು ತೋರಿಸ್ರಿ ಸಾಕು. ಯಾರ್ ಕೇಳ್ತಾರ?"

"ಸಾಹೇಬ್ರ ಮುಂದ ಮಾತು ಕೊಟ್ಟೀನಿ."

"ಮಾತಿನಾಗ ಮಲಗಾಕ ಬರ್ತೈತೇನು? ಮನಿ ಹೋಗ್ತೈತಿ."

"ಖರೇನಾ ಜರಿದಿದ್ರ, ಗಾಜು ಒಡದ್ರ ಅದು ನಿಲ್ತೈತೇನು? ನಮ್ಮ ತಲಿ ಮ್ಯಾಲ ಬರ್ತೈತಿ," ಎಂದ ಜಂಬಯ್ಯ. "ಒಡಿಯಂಗಿಲ್ಲ. ನೋಡ್ತೀನಿ ತಡಿ."

ನೋಡುವಷ್ಟರಲ್ಲಿ ಜಡೆಪ್ಪ ಬಗ್ಗಿ ನೋಡಿದ್ದ. ಜಡೆಪ್ಪ ನೋಡಿದ್ದು ಊರಿಗೆ ಮುಟ್ಟಲು ಅವನು ತಲೆ ಎತ್ತುವಷ್ಟು ಹೊತ್ತು ಸಾಕು. ಅರ್ಧ ತಾಸಿನಲ್ಲಿ ಗಿರಣಿಯ ಡಬಡಬ ನಿಂತಿತು. ಅಂದಾನಪ್ಪನವರು ಅಕ್ಕಿ ಚೀಲಗಳನ್ನೆಲ್ಲ ಹೊರಗೆ ಹೊರಿಸಿ, ತಾವೂ ಹೊರಗೆ ಬಂದು, ಇಂಜಿನಿಯರರಿಗೆ ಬೇಗ ಬರುವಂತೆ ಆಳು ಕಳಿಸಿದರು. ಆಮೇಲೆ ಜಂಬಯ್ಯನ ಜಗಲಿಗೆ ಬಂದು ನಿಂತರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ನಾ ಗೆದ್ದೆ ಅಂತ ಬಂದಿಲ್ಲಪಾ ಜಂಬಯ್ಯ. ಎಲ್ರೂ ಮನಿ ಬಿಡ್ರಿ. ನಮ್ಮ ಕಣದಾಗ ಇರ್ರಿ, ಜಾಗ ಐತಿ."

"ಸಾಹೇಬ್ರು ಬರೂಮಟ ತಡೀರಿ ಸಾವ್ಕಾರ್ರ," ಎಂದ ಜಂಬಯ್ಯ, ಪಟದಿಂದ ಕಣ್ಣೆತ್ತದೆ.

ಅವನು ಒಂದು ಹುಲ್ಲುಕಡ್ಡಿ ಮುರಿದು ಅಳೆಯಲು ಕೂತಿದ್ದ. ಅಳತೆಗೋಲಾಗಿ ಏಳು ವರ್ಷ ದುಡಿದವನ ಹಳೆಯ ಬುದ್ಧಿ ಎದ್ದಿತ್ತು. ಗುಂಡಿನ ತುದಿಯಿಂದ ಕೆಳಗೆ ಭೀಮಮ್ಮನ ಬಾಗಿಲವರೆಗೆ ಕಡ್ಡಿಯಿಟ್ಟ. ನಾಲ್ಕೂ ಪಟಗಳಲ್ಲಿ ಒಂದೇ. ಗುಂಡಿನಿಂದ ಹಾಸುಬಂಡೆಯ ಸೀಳಿನವರೆಗೆ ಇಟ್ಟ. ಒಂದೇ. ಭೀಮಮ್ಮನ ಬಾಗಿಲಿನಿಂದ ದೂರದ ಮಂಟಪದವರೆಗೆ ಇಟ್ಟ. ಕೊನೆಯ ಪಟದಲ್ಲಿ ಒಂದು ಜೋಳದ ಕಾಳು ಹೆಚ್ಚು. ತನ್ನ ಮನೆಯ ಬಾಗಿಲಿನಿಂದ ಇಟ್ಟ. ಅಲ್ಲೂ ಒಂದು ಕಾಳು ಹೆಚ್ಚು.

ಜಂಬಯ್ಯ ಕಡ್ಡಿಯನ್ನು ಬಾಯಲ್ಲಿಟ್ಟು ಕಡಿದ. ಗುಂಡು ಜರಿದಿದ್ದರೆ ಹಾಸುಬಂಡೆಯ ಮೇಲೆ ಜರಿಯಬೇಕು. ಇಲ್ಲಿ ನೋಡಿದರೆ ಗುಂಡು, ಹಾಸುಬಂಡೆ, ಹನ್ನೊಂದು ಮನೆ, ಭೀಮಮ್ಮ, ಅವಳ ಕೋಳಿಗಳು ಎಲ್ಲ ಕೂಡಿ, ಯಾರಿಗೂ ಹೇಳದೆ, ಒಂದು ಎತ್ತಿನ ಉದ್ದ ಪಡುವಣಕ್ಕೆ ಗುಳೆ ಹೋಗಿದ್ದರು. ಇಲ್ಲವೇ ಗುಡ್ಡದ ಮೇಲಿನ ಮಂಟಪ ಇಳಿಬಿಸಿಲಿಗೆ ಬೇಸತ್ತು ಮೂಡಣಕ್ಕೆ ನಾಲ್ಕು ಹೆಜ್ಜೆ ಹಾಕಿತ್ತು. ಎರಡೂ ಅಲ್ಲವಾದರೆ ನಡೆದಿರಬಹುದಾದದ್ದು ಇನ್ನೊಂದೇ ಉಳಿಯಿತು, ಮೂರು ಕಾಲಿನದು.

ಅವನು ಎದ್ದು ಬಯಲಿಗೆ ಓಡಿದ. ಸಗಣಿ ನೆಲದ ನಡುವೆ ಮೂರು ಕಲ್ಲು ಅರಿಸಿನ ಬಳಿದುಕೊಂಡು ಕೂತಿದ್ದವು. ದನದ ದಾರಿ ಮೊದಲು ಕಲ್ಲಿಗೆ ತಾಗಿಕೊಂಡಿತ್ತು. ಈಗ ದಾರಿಗೂ ಕಲ್ಲಿಗೂ ನಡುವೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗ. ದಾರಿಯಲ್ಲಿ ಭೀಮಮ್ಮ ಎಮ್ಮೆ ಹೊಡೆದುಕೊಂಡು ಬರುತ್ತಿದ್ದಳು.

"ಯವ್ವಾ, ಈ ಕಲ್ಲು ಯಾರು ಕಿತ್ತಿದ್ದು?"

"ಕಲ್ಲು ಅನಬ್ಯಾಡ. ಮುಕ್ಕಾಲಮ್ಮ ಅನ್ನು," ಎಂದಳು ಭೀಮಮ್ಮ, ಕೈ ಮುಗಿದು.

ಕೇಳುತ್ತ ಹೋದಂತೆ ಎಲ್ಲ ಹೊರಗೆ ಬಂತು. ಕಾಲಕಾಲಕ್ಕೆ ಒಂದೇ ಹೊತ್ತಿಗೆ ಬಂದು, ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಮುಚ್ಚಿ, ಗುಂಡಿನ ಕಡೆ ಬಾಗಿ ನಿಲ್ಲುವ ಜಂಬಯ್ಯನನ್ನು ನೋಡಿ ಹೆಂಗಸರಿಗೆ ಅರ್ಥವಾಗಿಹೋಗಿತ್ತು: ಗುಂಡು ಉಳಿಯಲೆಂದು ಅವನು ಹರಕೆ ಹೊತ್ತಿದ್ದಾನೆ. ಸಾಹೇಬರಿಗೆ ಪಟ ಎಂಬುದು ಗಂಡಸರ ಬಾಯಿಮಾತು. ತಾವೂ ಕೈ ಜೋಡಿಸಬೇಕೆಂದು ಒಂದು ಚಿಟಿಕೆ ಅರಿಸಿನ ಹಚ್ಚಿದರು. ಹಚ್ಚಿದ ದಿನವೇ ವಿರುಪಮ್ಮನ ಕಳೆದ ಮೇಕೆ ಸಿಕ್ಕಿತು. ಇನ್ನೇನು ಬೇಕು?

"ಆದ್ರ ನೀ ಕುಂದ್ರಿಸಿದ್ದು ಸರಿ ಇರಲಿಲ್ಲಪಾ," ಎಂದಳು ಭೀಮಮ್ಮ. "ತೆಂಕಣಕ್ಕ ಮಕ ಮಾಡಿ ಕುಂದ್ರಿಸಿದ್ದಿ. ಹಂಗ ಯಾರಾದ್ರೂ ದೇವರ್ನ ಕುಂದ್ರಿಸ್ತಾರೇನು? ಮ್ಯಾಲ ದನದ ಗಂಜಳ ಸಿಡಿತಿತ್ತು. ನೀ ಸಂಡೂರಿಗೆ ಹೋದಾಗ ನಾವು ಏಳು ಮಂದಿ ಕಬ್ಬಿಣದ ಹಾರಿ ಹಾಕಿ ಎತ್ತಿ, ಇತ್ಲಾಗ ಸರಿಸಿ, ಮೂಡಣಕ್ಕ ತಿರುಗಿಸಿದ್ವಿ. ಹಳೆ ತಗ್ಗು ಮುಚ್ಚಿ ಸಾರಿಸಿದ್ವಿ. ಗುಂಡು ಉಳೀಲಿ ಅಂತ ಮಾಡಿದ್ದು."

ಜಂಬಯ್ಯ ಮೊದಲು ನೆಲದ ಮೇಲೆ ಕೂತ. ಆಮೇಲೆ ನಗತೊಡಗಿದ. ನಗು ನಿಲ್ಲಿಸಲು ಕಾಲುವೆಗೆ ತಲೆ ಮುಳುಗಿಸಬೇಕಾಯಿತು. ಆಗ ಎದ್ದ ಗುಳ್ಳೆಗಳನ್ನು ಕಂಡು ಕಂಪ್ಲಿಯವರೆಗೆ ಮೀನು ಹಿಡಿಯುವವರು ಬಲೆ ಬೀಸಿದರಂತೆ.

"ಯವ್ವಾ, ಇವನ್ನ ಮತ್ತ ಹಳೇ ಜಾಗಕ್ಕ ಇಡಬೇಕು. ಇಲ್ಲಾಂದ್ರ ಗುಂಡು ಹಾರಿಸ್ತಾರ."

"ಆಕಿನ ಕೇಳದ ಹೆಂಗ ಎಬ್ಬಿಸ್ತಿ?"

ಕೇಳಿದರು. ಮಲ್ಲಿಗೆ ಹೂವನ್ನು ಒದ್ದೆ ಮಾಡಿ ನಡುವಿನ ಕಲ್ಲಿಗೆ ಅಂಟಿಸಿದಳು ಭೀಮಮ್ಮ. ಬಲಕ್ಕೆ ಬಿದ್ದರೆ ಒಪ್ಪಿಗೆ. ಕೇರಿಯ ಹೆಂಗಸರೆಲ್ಲ ನೆರೆದು ಉಸಿರು ಹಿಡಿದು ಕೂತರು. ಹೂವು ಬಹಳ ಹೊತ್ತು ಯೋಚನೆ ಮಾಡಿತು. ಕೊನೆಗೆ ಎಡಕ್ಕೆ ಬಿತ್ತು.

"ಒಲ್ಲೆ ಅಂತಾಳ," ಎಂದಳು ಭೀಮಮ್ಮ.

ದುರುಗವ್ವ ಗಂಡನ ಮುಖ ನೋಡಿದಳು. ಜಂಬಯ್ಯ ಮೀಸೆಯಿಂದ ನೀರು ಒರೆಸಿಕೊಂಡ. "ಇರ್ಲಿ. ಆಕಿ ಆರಾಮ ಇರ್ಲಿ ಅಲ್ಲೇ. ಹಳೇ ಜಾಗ ನಾನಾ ಹುಡುಕ್ತೀನಿ."

ಇಂಜಿನಿಯರರು ಮೂರನೇ ದಿನ ಬೆಳಗ್ಗೆ ಬಂದರು. ಹಿಂದೆ ಒಂದು ಬಂಡಿ, ಬಂಡಿಯಲ್ಲಿ ಹಗ್ಗ, ಉಳಿ, ಮದ್ದು, ನಾಲ್ಕು ಜನ ಆಳುಗಳು. ಊರಿಗೆ ಊರೇ ಬಯಲಿನಲ್ಲಿ ನೆರೆದಿತ್ತು. ಜಂಬಯ್ಯ ನಾಲ್ಕೂ ಪಟಗಳನ್ನು ಅವರ ಕೈಗಿಟ್ಟ, ಜೋಳದ ಕಾಳಿನದ್ದನ್ನು ಮೇಲೆಯೇ ಇಟ್ಟು.

ಅವರು ಬಹಳ ಹೊತ್ತು ನೋಡಿ, "ನಿನ್ನ ಪಟವೇ ನಿನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆಯಲ್ಲ ಜಂಬಯ್ಯ," ಎಂದರು.

"ಹೌದ್ರಿ. ಅದಕ್ಕಾ ಮುಚ್ಚಿಡಲಿಲ್ಲ. ನಡೆದದ್ದು ಗುಂಡಲ್ರಿ ಸಾಹೇಬ್ರ, ಕ್ಯಾಮೆರಾ," ಎಂದು ಜಂಬಯ್ಯ ಕಲ್ಲು ಕಿತ್ತ ಕತೆಯನ್ನು ಹೇಳಿದ.

"ಹಳೆಯ ಜಾಗ ಯಾವುದು?"

"ಸಗಣಿ ಕೆಳಗ ಎಲ್ಲೋ ಐತ್ರಿ."

"ಈಗ ಎಲ್ಲಿ ಬೇಕಾದ್ರೂ ತೋರಿಸಬೌದು ಬಿಡ್ರಿ," ಎಂದರು ಅಂದಾನಪ್ಪ. ಮಾತಿನಲ್ಲಿ ನ್ಯಾಯ ಇತ್ತು.

"ನಾ ತೋರ್ಸಂಗಿಲ್ರಿ ಸಾವ್ಕಾರ್ರ. ಗಾಜು ತೋರ್ಸತೈತಿ."

ಜಂಬಯ್ಯ ಮೊದಲ ಗಾಜನ್ನು, ಆಷಾಢದ್ದನ್ನು, ಹೊರಗೆ ತೆಗೆದ. ಆ ಗಾಜಿನಲ್ಲಿ ಎಲ್ಲ ಅದಲುಬದಲು: ಬಾನು ಕಪ್ಪು, ಗುಂಡು ಬಿಳುಪು. ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನ ಮೇಲೆ ಕೇರಿ ತಲೆಕೆಳಗಾಗಿ ಮೂಡುತ್ತದಲ್ಲ, ಅದರ ಮೇಲೆ ಈ ಗಾಜನ್ನು ತಲೆಕೆಳಗಾಗಿ ಹೊಂದಿಸಿ ಹಿಡಿದ. ಕಪ್ಪಿನ ಮೇಲೆ ಬಿಳುಪು ಸರಿಯಾಗಿ ಕೂತರೆ ಎರಡೂ ಒಂದನ್ನೊಂದು ನುಂಗಿ ಬರೀ ಬೂದಿ ಬಣ್ಣ ಉಳಿಯಬೇಕು. ಹಿಂದಿನ ಎರಡು ದಿನ ಅವನು ಯೋಚಿಸಿ ಕಂಡುಕೊಂಡಿದ್ದ ಉಪಾಯ ಅಷ್ಟೇ: ವಾಲಗುಂಡು ಕಣ್ಣಿಗೆ ಕಾಣದಂತಾಗುವ ಜಾಗ ಸಿಕ್ಕರೆ ಅದೇ ಜಾಗ.

ಅವನು ಕ್ಯಾಮೆರಾ ಹೊತ್ತು ಹೆಜ್ಜೆ ಹೆಜ್ಜೆಗೆ ನಿಲ್ಲಿಸಿದ. ಕರಿಬಟ್ಟೆ ಮುಚ್ಚಿಕೊಂಡು ನೋಡಿದ. ಎರಡು ಗುಂಡು ಕಂಡವು, ಒಂದು ಕರಿದು ಒಂದು ಬಿಳಿದು. ಒಂದು ಗೇಣು ಪಡುವಣಕ್ಕೆ ಸರಿದ. ಮತ್ತೆ ನೋಡಿದ. ಮುಂದೆ ನಾಲ್ಕು ಬೆರಳು, ಹಿಂದೆ ಎರಡು ಬೆರಳು. ಬಿಸಿಲು ಏರುತ್ತಿತ್ತು, ಬೆವರು ಬಟ್ಟೆಯಿಂದ ತೊಟ್ಟಿಕ್ಕುತ್ತಿತ್ತು. ಮದ್ದಿನ ಆಳುಗಳು ಬೀಡಿ ಹಚ್ಚಿದರು. ಜಡೆಪ್ಪನಂಥ ಜಡೆಪ್ಪನೂ ಬಾಯಿಗೆ ಕೈ ಇಟ್ಟುಕೊಂಡಿದ್ದ. ಒಂದು ತಾಸಿನ ಮೇಲೆ, ಕರಿಬಟ್ಟೆಯೊಳಗೆ, ಎರಡು ಗುಂಡು ಹತ್ತಿರ ಹತ್ತಿರ ಬಂದವು. ಗುಂಡಿನ ಅಂಚು ಅಳಿಯಿತು. ಭೀಮಮ್ಮನ ಬಾಗಿಲು ಅಳಿಯಿತು. ಕೊನೆಗೆ ಮಂಟಪದ ಒಂಟಿ ಕಂಬವೂ ಬೂದಿಯಲ್ಲಿ ಕರಗಿತು.

"ಸಾಹೇಬ್ರ, ಬಂದ್ ನೋಡ್ರಿ," ಎಂದ ಜಂಬಯ್ಯ, ಕೈಯಲ್ಲಿ ಗಾಜನ್ನು ಅಲುಗಿಸದೆ. ಅಲುಗಾಡದೆ ನಿಲ್ಲುವುದು ಅವನಿಗೆ ಗೊತ್ತಿದ್ದ ಕಸುಬು.

ಇಂಜಿನಿಯರರು ಟೋಪಿ ತೆಗೆದು ಬಟ್ಟೆಯೊಳಗೆ ತಲೆ ತೂರಿಸಿದರು. "ಏನೂ ಕಾಣುವುದಿಲ್ಲ," ಎಂದರು. ಮತ್ತೆ, "ಓಹೋ," ಎಂದರು.

ಹೊರಗೆ ಬಂದು, ಕ್ಯಾಮೆರಾದ ಮೂರು ಕಾಲು ಊರಿದ ಕಡೆ ಸಗಣಿ ಕೆರೆಯಲು ಆಳುಗಳಿಗೆ ಹೇಳಿದರು. ಕೆರೆದರೆ ಪ್ರತಿ ಕಾಲಿನ ಕೆಳಗೂ ಒಂದೊಂದು ಹಳೆಯ ತಗ್ಗು, ಹೊಸ ಮಣ್ಣು ತುಂಬಿದ್ದು. ಅಲ್ಲಿಂದ ಮುಕ್ಕಾಲಮ್ಮನವರೆಗೆ ಟೇಪು ಹಿಡಿಸಿದರು. ಸರಿಯಾಗಿ ಒಂದು ಎತ್ತಿನ ಉದ್ದ.

"ಪಟ ಅನ್ನೂದು ಕಣ್ಕಟ್ಟು ಇದ್ರೂ ಇರಬೌದು," ಎಂದರು ಅಂದಾನಪ್ಪ. ಪಾಪ, ಒಂದು ವರ್ಷದ ಹೆದರಿಕೆ ಒಂದು ಮುಂಜಾನೆಗೆ ಬಿಡುತ್ತದೆಯೆ? "ಈ ಜಾಗದಿಂದ ಈಗೊಂದು ತಗೀಲಿ. ಅದು ಹೆಂಗ ಮೂಡತೈತಿ, ನಾ ಕಣ್ಣಾರೆ ನೋಡ್ತೀನಿ."

ಉಳಿದಿದ್ದದ್ದು ಆರನೆಯ ಗಾಜು ಒಂದೇ. ಜಂಬಯ್ಯ ತೆಗೆದ. ತಣ್ಣೀರಿನ ಮಡಕೆ ಹಿಡಿದು ಹಗೇವಿಗೆ ಇಳಿದ. ಸಾವಕಾರರೂ ಅಂಗಿ ಕಳಚಿ, ಹೊಟ್ಟೆ ಎಳೆದುಕೊಂಡು ಹಿಂದೆಯೇ ಇಳಿದರು. ಒಳಗೆ ಕೆಂಪು ಕಂದೀಲಿನ ಬೆಳಕಿನಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ತಟ್ಟೆಯ ನೀರಿನಲ್ಲಿ ಮೊದಲು ಬಾನು ಕಪ್ಪಾಯಿತು. ಆಮೇಲೆ ಬಿಳಿಯ ಗುಂಡು, ಕಡೆಗೆ ಅದರ ಪಕ್ಕ ಅಂಟಿಕೊಂಡೇ ಮಂಟಪದ ಒಂಟಿ ಕಂಬ. ನಡುವೆ ಎಳ್ಳಿನಷ್ಟೂ ಬಾನಿರಲಿಲ್ಲ.

ಅಂದಾನಪ್ಪನವರು ಬಹಳ ಹೊತ್ತು ಉಸಿರು ಬಿಡಲಿಲ್ಲ. "ಇದಾ ಗುಂಡಿನ ಕೆಳಗ ನಾ ಗೋಲಿ ಆಡೀನಿ ಜಂಬಯ್ಯ," ಎಂದರು ಮೆಲ್ಲಗೆ.

"ಗೊತ್ತೈತ್ರಿ. ನಮ್ಮಪ್ಪನ ಗೋಲಿ ಗೆದ್ದುಕೊಂಡು ಹೋಗಿದ್ರಂತ. ಇನ್ನೂ ಕೊಟ್ಟಿಲ್ಲ."

ಹಿಡಿದಿದ್ದ ಉಸಿರನ್ನು ಅವರು ಆಗ ಬಿಟ್ಟರು. ಬಿಟ್ಟದ್ದೇ ಹೊಟ್ಟೆ ತನ್ನ ಗಾತ್ರಕ್ಕೆ ತಿರುಗಿತು. ಮೇಲೆ ಹತ್ತುವಾಗ ಹಗೇವಿನ ಬಾಯಿಗೆ ಸಿಕ್ಕಿಕೊಂಡರು. ಅರ್ಧ ಸಾವಕಾರ ಹೊರಗೆ, ಅರ್ಧ ಒಳಗೆ. ಮದ್ದಿನ ಆಳುಗಳು ಬಂಡಿಯ ಹಗ್ಗ ತಂದು, ಕಂಕುಳಿಗೆ ಕಟ್ಟಿ, ಎತ್ತುಗಳನ್ನೂ ಹೂಡಿ ಎಳೆದರು. ಅಷ್ಟು ದೂರದಿಂದ ಬಂದವರಿಗೆ ಆ ದಿನ ಸಿಕ್ಕ ಕೆಲಸ ಅದೊಂದೇ. ಎಳೆಯುವಾಗ ಕೇರಿಯೆಲ್ಲ ತಲೆ ಎತ್ತಿ ಗುಂಡಿನ ಕಡೆ ನೋಡಿತು. ಅಷ್ಟು ಸದ್ದಿಗೂ ಅದು ಕದಲಲಿಲ್ಲ.

ಇಂಜಿನಿಯರರು ಅಲ್ಲೇ ಜಗಲಿಯ ಮೇಲೆ ಕೂತು ಆಜ್ಞೆ ಬರೆದರು: ಪ್ರತಿ ವರ್ಷ ಮುಂಗಾರು ಕಳೆದ ಮೇಲೆ ಇದೇ ಜಾಗದಿಂದ ಒಂದು ಪಟ ತೆಗೆದು ಕಳಿಸತಕ್ಕದ್ದು, ಪಟದಲ್ಲಿ ಗುಂಡು ಕದಲದಿರುವವರೆಗೆ ಮದ್ದಿಡತಕ್ಕದ್ದಲ್ಲ. ಜಂಬಯ್ಯ ಹತ್ತೊಂಬತ್ತು ವರ್ಷ ಬಿಡದೆ ಕಳಿಸಿದ. ಇಂಜಿನಿಯರರು ಬದಲಾದರು, ಬಂದವರು ಬದಲಾದರು, ಪಟ ಯಾಕೆ ಬರುತ್ತಿದೆ ಎಂದು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವನು ಕೇಳಲಿಲ್ಲ. ಕಾಲಿಗೆ ವಾತ ಬಂದ ವರ್ಷ ದುರುಗವ್ವ ಕ್ಯಾಮೆರಾ ಹೊತ್ತಳು, ಅವನು ಅವಳ ಹೆಗಲು ಹಿಡಿದು ಬಂದು ಕರಿಬಟ್ಟೆಯೊಳಗೆ ತಲೆಯಿಟ್ಟ.

ಹಳೆಯ ಜಾಗಕ್ಕೆ ಹೊಸದಾಗಿ ತಂದ ಕಲ್ಲುಗಳನ್ನು ಅವನು ಎರಡಾಳುದ್ದ ಆಳಕ್ಕೆ ಹೂಳಿದ್ದ. ಮಗ್ಗುಲಲ್ಲಿ ಮುಕ್ಕಾಲಮ್ಮ ಮೂಡಣಕ್ಕೆ ಮುಖ ಮಾಡಿ ಕೂತೇ ಇದ್ದಳು. ಪ್ರತಿ ವರ್ಷ ಪಟ ತೆಗೆಯುವ ಹಿಂದಿನ ದಿನ ಗಿರಣಿಯಿಂದ ಒಂದು ಮಂಕರಿ ಅರಿಸಿನ, ಒಂದು ಸೀರೆ ಬರುತ್ತಿತ್ತು. ಜೊತೆಗೆ ಸಾವಕಾರರೇ ಬಂದು, ಭೀಮಮ್ಮ ಹೂವು ಅಂಟಿಸುವುದನ್ನು ನೋಡಿಕೊಂಡು ನಿಲ್ಲುತ್ತಿದ್ದರು. ತಾಯಿಗೆ ಇನ್ನು ಬೇರೆ ದಿಕ್ಕಿಗೆ ತಿರುಗುವ ಮನಸ್ಸಿಲ್ಲ ತಾನೆ ಎಂದು ಖಾತ್ರಿಯಾದ ಮೇಲೆಯೇ ಹೋಗಿ ಇಂಜಿನ್ನು ಚಾಲೂ ಮಾಡಿಸುತ್ತಿದ್ದರು.